ಕಾಡು ಹೂವು ಕಿತ್ತರೆ ಜೈಲಾ? ಚಿತ್ರದುರ್ಗದ ಗುಡ್ಡ, ಹೊಲ, ರಸ್ತೆ ಬದಿಯಲ್ಲಿ ಕಾನೂನು ಏನು ಹೇಳುತ್ತದೆ

ತಾನಾಗಿ ಬೆಳೆದ ಕಾಡು ಹೂವನ್ನು ಕಿತ್ತರೆ ಮೂರು ವರ್ಷ ಜೈಲು ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಅದರ ಕೆಳಗೇ ಯಾರೋ ಉತ್ತರ ಹಾಕಿರುತ್ತಾರೆ: ದೇವರ ಪೂಜೆಗೆ ಕಿತ್ತರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ, ಹೆದರಬೇಡಿ ಅಂತ. ಮೊದಲನೆಯದು ಅರ್ಧ ನಿಜ. ಎರಡನೆಯದನ್ನು ನಂಬಿ ಜೋಗಿಮಟ್ಟಿಗೆ ಹೋದರೆ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ.

ಅವಸರದಲ್ಲಿರುವವರಿಗೆ ಉತ್ತರವನ್ನು ಇಲ್ಲೇ ಹೇಳಿಬಿಡುತ್ತೇವೆ. ಕಾಡು ಹೂವು ಕೀಳುವುದನ್ನು ಎಲ್ಲ ಕಡೆಯೂ ನಿಷೇಧಿಸುವ ಕಾನೂನು ಭಾರತದಲ್ಲಿ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಆದರೆ ಮೀಸಲು ಅರಣ್ಯದಲ್ಲಿ, ಅದಕ್ಕಿಂತಲೂ ಕಟ್ಟುನಿಟ್ಟಾಗಿ ವನ್ಯಜೀವಿಧಾಮದಲ್ಲಿ, ಅನುಮತಿ ಅಥವಾ ಹಕ್ಕು ಇಲ್ಲದೆ ಒಂದು ಹೂವು ತಂದರೂ ಕಾಗದದ ಮೇಲೆ ಅದು ತಪ್ಪೇ. ಅದೇ ಹೂವು ನಿಮ್ಮ ಹೊಲದ ಬದುವಿನಲ್ಲಿ ಅರಳಿದ್ದರೆ ಬುಟ್ಟಿ ತುಂಬ ಕಿತ್ತರೂ ಕೇಳುವವರಿಲ್ಲ. ಕಾನೂನು ಮೊದಲು ಕೇಳುವುದು ಗಿಡ ಯಾವ ನೆಲದಲ್ಲಿ ನಿಂತಿದೆ ಎಂದು. ಹೂವಿನ ಹೆಸರು ಕೇಳುವುದು ಬಹಳ ಅಪರೂಪ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಗಣೇಶನ ಹಬ್ಬಕ್ಕೆ ಎಕ್ಕದ ಹೂವು, ಗರಿಕೆ ಬೇಕು. ಶಿವರಾತ್ರಿಗೆ ತುಂಬೆ ಹೂವು ಬೇಕು. ದೀಪಾವಳಿಯಲ್ಲಿ ಸಗಣಿಯ ಹಟ್ಟಿ ಲಕ್ಕವ್ವನಿಗೆ ಸಿಕ್ಕಿಸಲು ಬಯಲಿನ ಹೂವು ಬೇಕು. ಹಬ್ಬದ ಹಿಂದಿನ ದಿನ ಇವನ್ನೆಲ್ಲ ಗುಡ್ಡದ ಬುಡದಿಂದ ಆರಿಸಿ ತಂದು ಬಸ್‌ಸ್ಟ್ಯಾಂಡ್ ಬಳಿ ಗುಡ್ಡೆ ಹಾಕಿಕೊಂಡು ಮಾರುವ ಹೆಂಗಸರಿದ್ದಾರೆ. ಜೈಲಿನ ಸಂದೇಶ ಅವರ ಮನೆಯ ಹುಡುಗರ ಮೊಬೈಲಿಗೂ ಹೋಗುತ್ತದೆ. ಇನ್ನೊಂದು ಕಡೆ ಭಾನುವಾರ ಬೈಕ್ ಹತ್ತಿ ಬೆಟ್ಟಕ್ಕೆ ಹೋಗಿ, ರೀಲ್ಸ್‌ಗೆಂದು ಕೊಂಬೆ ಸಮೇತ ಹೂವು ಮುರಿದು ತರುವವರಿದ್ದಾರೆ. ಮೊದಲನೆಯವರು ಬೇಡದ ಭಯದಲ್ಲಿದ್ದಾರೆ, ಎರಡನೆಯವರಿಗೆ ಬೇಕಾದಷ್ಟು ಭಯವಿಲ್ಲ.

ಒಂದೇ ತಂಗಡಿ, ಎರಡು ಕಾನೂನು

ತಂಗಡಿ ಗಿಡವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೆಲವರು ಆವರಿಕೆ ಅನ್ನುತ್ತಾರೆ, ಕೆಲವರು ಹೊನ್ನಾವರಿಕೆ. ಬರದ ನೆಲದಲ್ಲಿ, ಕಲ್ಲು ಗರಸಿನಲ್ಲಿ, ಆಡು ಕುರಿ ಅಡ್ಡಾಡುವ ಜಾಗದಲ್ಲಿ ಎದೆಮಟ್ಟ ಬೆಳೆದು ಹಳದಿ ಹೂವು ಬಿಡುವ ಪೊದೆ. ದುರ್ಗದಿಂದ ಹಿರಿಯೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದರೂ ಕಾಣುತ್ತದೆ. ಹಿಂದೆ ಇದರ ತೊಗಟೆಯನ್ನು ಚರ್ಮ ಹದ ಮಾಡಲು ಬಳಸುತ್ತಿದ್ದರು.

ಈಗ ಒಂದು ಗಡಿಗಲ್ಲು ಊಹಿಸಿಕೊಳ್ಳಿ. ಕಲ್ಲಿನ ಈಚೆ ಒಬ್ಬ ರೈತರ ಹೊಲ, ಆಚೆ ಮೀಸಲು ಅರಣ್ಯ. ಎರಡೂ ಕಡೆ ತಂಗಡಿ ಹೂಬಿಟ್ಟಿದೆ. ಈಚೆಯ ಗಿಡದ ಹೂವು ರೈತರದು. ಆಚೆಯ ಗಿಡದ ಹೂವು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ‘ಅರಣ್ಯ ಉತ್ಪನ್ನ’.

ಅರಣ್ಯ ಉತ್ಪನ್ನ ಅಂದರೆ ಮರದ ದಿಮ್ಮಿ, ಶ್ರೀಗಂಧ, ಬಿದಿರು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಕಾಯ್ದೆ ಅದನ್ನು ಎರಡು ಗುಂಪು ಮಾಡಿದೆ. ಮೊದಲ ಗುಂಪಿನಲ್ಲಿರುವುದು ಎಲ್ಲಿ ಸಿಕ್ಕರೂ ಅರಣ್ಯ ಉತ್ಪನ್ನವೇ: ದಿಮ್ಮಿ, ಇದ್ದಿಲು, ಶ್ರೀಗಂಧ, ಅರಗು, ತೊಗಟೆ ಮುಂತಾದವು. ಎರಡನೆಯ ಗುಂಪಿನಲ್ಲಿರುವುದು ಅರಣ್ಯದಲ್ಲಿ ಸಿಕ್ಕಿದರೆ ಅಥವಾ ಅರಣ್ಯದಿಂದ ತಂದರೆ ಮಾತ್ರ ಅರಣ್ಯ ಉತ್ಪನ್ನ. ಎಲೆ, ಹೂವು, ಹಣ್ಣು, ಹುಲ್ಲು, ಬಳ್ಳಿ, ಪಾಚಿ, ಮೇಲ್ಮಣ್ಣು, ಕಲ್ಲು ಎಲ್ಲವೂ ಇಲ್ಲಿ ಬರುತ್ತವೆ. ಗಮನಿಸಿ, ತಂಗಡಿಯ ತೊಗಟೆ ಮೊದಲ ಗುಂಪಿನದು, ತಂಗಡಿಯ ಹೂವು ಎರಡನೆಯ ಗುಂಪಿನದು. ಗಿಡ ಒಂದೇ ಆದರೂ ಅದರ ಎರಡು ಭಾಗಗಳಿಗೆ ಕಾನೂನು ಬೇರೆ ಬೇರೆ.

(ಎಲ್ಲಿ ಸಿಕ್ಕರೂ ಅರಣ್ಯ ಉತ್ಪನ್ನ ಎನಿಸಿಕೊಂಡ ಹೂವು ಒಂದಿದೆ. 1927ರ ಕೇಂದ್ರದ ಅರಣ್ಯ ಕಾಯ್ದೆಯಲ್ಲಿ ಹಿಪ್ಪೆ ಹೂವನ್ನು ಮೊದಲ ಗುಂಪಿನಲ್ಲೇ ಹೆಸರು ಹಿಡಿದು ಸೇರಿಸಿದ್ದಾರೆ. ಅದರಿಂದ ಸಾರಾಯಿ ಇಳಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬ್ರಿಟಿಷ್ ಸರ್ಕಾರದ ಕಣ್ಣು ಹೂವಿನ ಚೆಲುವಿನ ಮೇಲಂತೂ ಇದ್ದಿರಲಾರದು.)

ಮೀಸಲು ಅರಣ್ಯದಲ್ಲಿ ಏನೇನು ಮಾಡಬಾರದು ಎನ್ನುವುದು ಕರ್ನಾಟಕ ಕಾಯ್ದೆಯ ಸೆಕ್ಷನ್ 24ರಲ್ಲಿದೆ. ಬೆಂಕಿ ಹಚ್ಚುವುದು, ಮರ ಕಡಿಯುವುದು, ಕಲ್ಲು ಒಡೆಯುವುದರ ಜೊತೆಗೆ ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವುದು, ಹೊರಗೆ ಸಾಗಿಸುವುದೂ ಆ ಪಟ್ಟಿಯಲ್ಲಿದೆ. ಎಷ್ಟು ಹೂವು ಕಿತ್ತರೆ ಅಪರಾಧ ಎಂಬ ಅಳತೆ ಅಲ್ಲಿಲ್ಲ. ಒಂದು ಹೂವೂ ಅದೇ ಮಾತಿನಡಿ ಬರುತ್ತದೆ, ಒಂದು ಗೋಣಿಚೀಲವೂ ಬರುತ್ತದೆ. ಕಿವಿಗೆ ಒಂದು ಹೂವು ಸಿಕ್ಕಿಸಿಕೊಂಡವರ ಮೇಲೆ ಕೇಸು ಹಾಕುತ್ತಾರೆಯೇ ಅನ್ನುವುದು ಬೇರೆ ಪ್ರಶ್ನೆ. ಸಾಮಾನ್ಯವಾಗಿ ಸಿಬ್ಬಂದಿ ಗದರಿಸಿ ಕಳಿಸುತ್ತಾರೆ. ಆದರೆ ಗದರಿಸಿ ಬಿಡುವುದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ಪೂಜೆಗೆ, ಮುಡಿಯಲು, ಫೋಟೋಗೆ ಎಂದು ಉದ್ದೇಶ ನೋಡಿ ವಿನಾಯಿತಿ ಕೊಡುವ ಮಾತು ಈ ಸೆಕ್ಷನ್‌ನಲ್ಲಿಲ್ಲ.

ಮರವೇ ಕಾಣದ ಅರಣ್ಯ

ನಮ್ಮ ಜಿಲ್ಲೆಯಲ್ಲಿ ಜನ ಎಡವುವುದು ಇಲ್ಲೇ. ಅರಣ್ಯ ಅಂದರೆ ಆಗುಂಬೆಯ ಹಾಗೆ ಕತ್ತಲೆ ಕವಿದ ಕಾಡು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಮಾರಿಕಣಿವೆಯ ಸುತ್ತಲಿನ ಗುಡ್ಡಗಳನ್ನು ನೋಡಿ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಎರಡೂ ಮಗ್ಗುಲಲ್ಲಿ ಕಾಣುವುದು ಕುರುಚಲು, ಬಂಡೆ, ಮುಳ್ಳು, ಅಲ್ಲಲ್ಲಿ ಒಂದು ಕಮರ, ಒಂದು ಜಾಲಿ. ಹೊರಗಿನಿಂದ ಬಂದವರಿಗೆ ಇದು ಪಾಳುಭೂಮಿಯ ಹಾಗೆ ಕಾಣುತ್ತದೆ. ದಾಖಲೆಯಲ್ಲಿ ಅರಣ್ಯ ಎಂದಿರುವ ಜಾಗ ಕಣ್ಣಿಗೆ ಹೇಗೆ ಕಂಡರೂ ಅರಣ್ಯವೇ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಅರಣ್ಯ ಸಂರಕ್ಷಣಾ ಕಾಯ್ದೆಯ ಮಟ್ಟಿಗೆ, ಸರ್ಕಾರಿ ದಾಖಲೆಯಲ್ಲಿ ಅರಣ್ಯ ಎಂದು ನಮೂದಾದ ಯಾವ ಜಾಗವೂ, ಒಡೆತನ ಯಾರದೇ ಇರಲಿ, ಅರಣ್ಯ ಎಂದೇ ಎಣಿಕೆಯಾಗಬೇಕು ಎಂದಿತು.

ಅಮೃತ ಮಹಲ್ ಕಾವಲುಗಳ ವಿಷಯದಲ್ಲೂ ಇದೇ ಗೊಂದಲ. ನೋಡಿದರೆ ಬರೀ ಹುಲ್ಲು ಬಯಲು. ಆದರೆ ಮೈಸೂರು ಅರಸರ ಕಾಲದಿಂದ ದನಗಳ ಮೇವಿಗೆಂದು ಕಾಯ್ದಿಟ್ಟ ಸರ್ಕಾರಿ ಭೂಮಿ ಅದು. ಖಾಲಿ ಇದೆ ಎಂದ ಮಾತ್ರಕ್ಕೆ ವಾರಸುದಾರರಿಲ್ಲದ ಜಾಗ ಎಂದಲ್ಲ.

ಹಾಗಾದರೆ ನಿಂತ ಜಾಗ ಯಾವುದೆಂದು ತಿಳಿಯುವುದು ಹೇಗೆ? ಕೈಯಲ್ಲಿ ಮೊಬೈಲ್ ಇದೆಯಲ್ಲ. ಕರ್ನಾಟಕ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತಿರುವ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಸರ್ವೆ ನಂಬರ್ ಸಿಕ್ಕರೆ ಪಹಣಿಯಲ್ಲಿ ಖಾಸಗಿಯೋ, ಗೋಮಾಳವೋ, ಅರಣ್ಯವೋ ನೋಡಬಹುದು. ಅಂಚಿನ ಜಾಗಗಳಲ್ಲಿ ಮಾತ್ರ ಆ್ಯಪ್ ನಂಬಿ ವಾದಕ್ಕೆ ನಿಲ್ಲಬೇಡಿ. ಅರಣ್ಯದ ಗಡಿ ತೀರ್ಮಾನವಾಗುವುದು ಗೆಜೆಟ್ ಅಧಿಸೂಚನೆ ಮತ್ತು ಇಲಾಖೆಯ ನಕ್ಷೆಯಿಂದ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ, ಅಂದರೆ ಊರವರು ರೇಂಜರ್ ಆಫೀಸ್ ಅನ್ನುವಲ್ಲಿ, ಕೇಳಿದರೆ ಹೇಳುತ್ತಾರೆ. ಅರಣ್ಯ ಇಲಾಖೆಯ ಸಹಾಯವಾಣಿ 1926 ಕೂಡ ಇದೆ.

ಜೋಗಿಮಟ್ಟಿಯಲ್ಲಿ ನಿಯಮ ಯಾಕೆ ಇನ್ನೂ ಬಿಗಿ

ದುರ್ಗದ ಜನಕ್ಕೆ ಜೋಗಿಮಟ್ಟಿ ಬೇಸಿಗೆಯ ತಂಪಿನ ಜಾಗ. ಆಡುಮಲ್ಲೇಶ್ವರಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವರು ಹಾಗೇ ಮೇಲೆ ಹೋಗಿ ಬರೋಣ ಅನ್ನುತ್ತಾರೆ. ಆದರೆ 2015ರಲ್ಲಿ ಜೋಗಿಮಟ್ಟಿಯ ಸುಮಾರು 100 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವಾಯಿತು. ಅಲ್ಲಿಂದ ಮುಂದೆ ಅರಣ್ಯ ಕಾಯ್ದೆಯ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂದು ಕೂತಿತು.

ಆ ಕಾಯ್ದೆಯ ಹೆಸರಿನಲ್ಲಿ ‘ಜೀವಿ’ ಇದೆ ಎಂದು ಚಿರತೆ, ಕರಡಿ, ನವಿಲಿಗೆ ಮಾತ್ರ ಅನ್ವಯ ಅಂದುಕೊಳ್ಳಬೇಡಿ. ಪ್ರಾಣಿಗಳ ಜೊತೆಗೆ ಅವುಗಳ ನೆಲೆಯ ಭಾಗವಾದ ನೆಲದ ಮತ್ತು ನೀರಿನ ಸಸ್ಯಗಳೂ ಅದರ ಪ್ರಕಾರ ವನ್ಯಜೀವಿಯೇ. ಸೆಕ್ಷನ್ 29 ಹೇಳುವುದು ಇಷ್ಟು: ವನ್ಯಜೀವಿಧಾಮದಿಂದ ಅರಣ್ಯ ಉತ್ಪನ್ನ ಸೇರಿದಂತೆ ಯಾವ ವನ್ಯಜೀವಿಯನ್ನೂ ನಾಶ ಮಾಡಬಾರದು, ಬಳಸಿಕೊಳ್ಳಬಾರದು, ತೆಗೆದುಕೊಂಡು ಹೋಗಬಾರದು. ಮಾಡಲೇಬೇಕಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಆ ಪರವಾನಗಿಯನ್ನೂ ಮನಸ್ಸು ಬಂದ ಹಾಗೆ ಕೊಡುವಂತಿಲ್ಲ. ವನ್ಯಜೀವಿಗಳ ಒಳಿತಿಗೆ ಬೇಕೇ ಬೇಕು ಎಂದು ಸರ್ಕಾರಕ್ಕೆ ಮನವರಿಕೆಯಾದರೆ ಮಾತ್ರ.

ಒಳಗೆ ಹೋಗಲು ಟಿಕೆಟ್ ಕೊಟ್ಟಿದ್ದಾರಲ್ಲ ಎಂದು ಕೇಳುವವರಿದ್ದಾರೆ. ಟಿಕೆಟ್ ಕೊಟ್ಟಿರುವುದು ಒಳಗೆ ಹೋಗಿ ನೋಡಿ ಬರಲು, ಫೋಟೋ ತೆಗೆಯಲು. ಹೂವು ಕೀಳಲು ಅದರಲ್ಲಿ ಅನುಮತಿ ಇರುವುದಿಲ್ಲ.

ಈ ಬಿಗಿ ಎಷ್ಟರಮಟ್ಟಿಗೆ ಎಂದರೆ, ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮಗಳಿಂದ ಒಣಗಿದ ಮರ, ಗಾಳಿಗೆ ಬಿದ್ದ ಮರ, ಹುಲ್ಲು ಇವನ್ನೂ ತೆಗೆಯಕೂಡದು ಎಂದು ಸುಪ್ರೀಂ ಕೋರ್ಟ್ 2000ದ ಫೆಬ್ರುವರಿ 14ರಂದು ಆದೇಶ ಕೊಟ್ಟಿತು. ಬಿದ್ದ ಮರವೇ ಮುಟ್ಟಬಾರದ ಜಾಗದಲ್ಲಿ ಅರಳಿದ ಹೂವಿನ ಕತೆ ಏನೆಂದು ನೀವೇ ಲೆಕ್ಕ ಹಾಕಿ.

ಸೆಕ್ಷನ್ 29ರಲ್ಲಿ ಒಂದು ಸಣ್ಣ ಬಾಗಿಲೂ ಇದೆ. ಧಾಮದಿಂದ ನಿಯಮಬದ್ಧವಾಗಿ ಹೊರತೆಗೆದ ಅರಣ್ಯ ಉತ್ಪನ್ನವನ್ನು ಒಳಗೆ ಮತ್ತು ಸುತ್ತಮುತ್ತ ವಾಸಿಸುವ ಜನ ತಮ್ಮ ಸ್ವಂತ ಅಗತ್ಯಕ್ಕೆ ಬಳಸಬಹುದು, ವ್ಯಾಪಾರಕ್ಕೆ ಬಳಸುವಂತಿಲ್ಲ. ಪ್ರವಾಸಿಗರಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ದುರ್ಗದ ಕೋಟೆ. ಏಳು ಸುತ್ತಿನ ಕೋಟೆಯೊಳಗೂ ಬಂಡೆ ಸಂದಿಯಲ್ಲಿ ಬೇಕಾದಷ್ಟು ಗಿಡ ಹೂಬಿಡುತ್ತವೆ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಮುಖ್ಯವಾಗಿ ನಡೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. ಅದರ ಕಾಳಜಿ ಕಲ್ಲು, ಗೋಡೆ, ಶಾಸನಗಳ ಮೇಲೆ. ಹಾಗೆಂದು ಹೂವು ಕೀಳಬೇಡಿ ಎಂದು ಸಿಬ್ಬಂದಿ ಹೇಳಿದರೆ ‘ಯಾವ ಸೆಕ್ಷನ್?’ ಎಂದು ಜಗಳಕ್ಕೆ ಇಳಿಯುವುದರಲ್ಲಿ ಅರ್ಥವಿಲ್ಲ. ನೆಲ ನಮ್ಮದಲ್ಲ, ಅಷ್ಟು ಸಾಕು.

‘ಮೂರು ವರ್ಷ ಜೈಲು’ ಎಲ್ಲಿಂದ ಬಂತು?

ಸಂದೇಶದಲ್ಲಿರುವ ಈ ಅಂಕಿ ಪೂರ್ತಿ ಕಟ್ಟುಕತೆಯಲ್ಲ. ವನ್ಯಜೀವಿ ಕಾಯ್ದೆಯ ಸೆಕ್ಷನ್ 51ರಲ್ಲಿ ಸಾಮಾನ್ಯ ಉಲ್ಲಂಘನೆಗಳಿಗೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಎಂದಿದೆ. ದಂಡದ ಮೇಲ್ಮಿತಿ ಮೊದಲು 25,000 ರೂಪಾಯಿ ಇತ್ತು, 2022ರ ತಿದ್ದುಪಡಿಯಲ್ಲಿ 1 ಲಕ್ಷ ರೂಪಾಯಿಗೆ ಏರಿತು. ಫಾರ್ವರ್ಡ್‌ನಲ್ಲಿ 25,000 ಎಂದಿದ್ದರೆ ಅದು ಹಳೆಯ ಲೆಕ್ಕ. ‘ವರೆಗೆ’ ಎಂಬ ಪದವನ್ನು ಇಂಥ ಸಂದೇಶಗಳು ಸಾಮಾನ್ಯವಾಗಿ ನುಂಗಿಬಿಡುತ್ತವೆ. ಕಾನೂನಿನಲ್ಲಿರುವುದು ಹೆಚ್ಚೆಂದರೆ ಎಷ್ಟು ಎಂಬ ಮಿತಿ. ಒಂದು ಹೂವಿಗೆ ಮೂರು ವರ್ಷ ಎಂದು ಎಲ್ಲೂ ಬರೆದಿಲ್ಲ.

ಹೂವಿನ ಹೆಸರನ್ನೇ ಹಿಡಿದು ನಿಷೇಧಿಸುವ ಒಂದು ಜಾಗವೂ ಇದೇ ಕಾಯ್ದೆಯಲ್ಲಿದೆ. 1991ರಲ್ಲಿ ಸೇರಿಸಿದ ಸೆಕ್ಷನ್ 17ಎ ಪ್ರಕಾರ, ಪಟ್ಟಿಯಲ್ಲಿರುವ ಗಿಡಗಳನ್ನು ಅರಣ್ಯ ಭೂಮಿಯಿಂದ ಬೇಕೆಂದು ಕೀಳುವುದು, ಬುಡ ಸಮೇತ ಎಬ್ಬಿಸುವುದು, ಹಾಳು ಮಾಡುವುದು, ಸಂಗ್ರಹಿಸುವುದು, ಮಾರುವುದು ಅಪರಾಧ. ಮೀಸಲು ಅರಣ್ಯವೋ ಧಾಮವೋ ಎಂಬ ಭೇದ ಇಲ್ಲಿಲ್ಲ. ಬಹಳ ಕಾಲ ಆ ಪಟ್ಟಿಯಲ್ಲಿ ಇದ್ದದ್ದು ಆರೇ ಹೆಸರು. ನೀಲಿ ವಂದಾ, ಕೆಂಪು ವಂದಾ ಎಂಬ ಸೀತಾಳೆ ಜಾತಿಯ ಹೂಗಳು, ಹೂಜಿ ಗಿಡ, ಒಂದು ಬಗೆಯ ಸೈಕಸ್ ಹೀಗೆ. ಹೆಚ್ಚಿನವು ಈಶಾನ್ಯ ಭಾರತದ, ಹಿಮಾಲಯದ ಕಡೆಯವು. ನಮ್ಮವರು ಕಣ್ಣಲ್ಲಿ ಕಂಡಿರುವ ಸಂಭವವೇ ಕಡಿಮೆ. ತಿದ್ದುಪಡಿಯ ನಂತರ ಪಟ್ಟಿ 19ಕ್ಕೆ ಬೆಳೆಯಿತು, ಅದರಲ್ಲಿ ನೀಲಕುರಿಂಜಿಯೂ ಸೇರಿತು.

ಕನ್ನಡದ ಮೊಬೈಲುಗಳಲ್ಲಿ ಹೂವು ಮತ್ತು ಜೈಲನ್ನು ಒಟ್ಟಿಗೆ ಹೇಳುವ ಸಂದೇಶಗಳಿಗೆ ನೀಲಕುರಿಂಜಿಯೇ ಬೇರು ಇರಬಹುದು ಎಂದು ನಮಗೆ ಅನ್ನಿಸುತ್ತದೆ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿದಾಗ ರಸ್ತೆ ತುಂಬ ಕಾರು ನಿಂತವು. ಹೊಸದುರ್ಗದಿಂದ, ಹೊಳಲ್ಕೆರೆಯಿಂದ ಬೆಳಿಗ್ಗೆ ಹೊರಟರೆ ಸಂಜೆ ವಾಪಸ್ ಬರುವಷ್ಟು ದೂರ. ಇಲ್ಲಿಂದಲೂ ಹೋಗಿ ನೋಡಿಬಂದವರು ಇದ್ದೇ ಇರುತ್ತಾರೆ. ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ಪೂರ್ತಿಯಾದದ್ದು ಆ ಡಿಸೆಂಬರ್‌ನಲ್ಲಿ, ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು. ಅಂದರೆ ಆ ಸಲ ಬೆಟ್ಟ ನೀಲಿಯಾಗಿದ್ದಾಗ ಕುರಿಂಜಿ ಇನ್ನೂ ಪಟ್ಟಿಯಲ್ಲಿರಲಿಲ್ಲ. ಮುಂದಿನ ಸಲ ಅರಳುವಾಗ ಇರುತ್ತದೆ. ಕುರಿಂಜಿಯಲ್ಲೂ ಹಲವು ಜಾತಿಗಳಿವೆ, ಪಟ್ಟಿಯಲ್ಲಿರುವುದು ಸ್ಟ್ರೋಬಿಲಾಂಥಸ್ ಕುಂತಿಯಾನಾ ಒಂದೇ. ಆದರೆ ಬೆಟ್ಟದ ಮೇಲೆ ನಿಂತು ಯಾವ ಜಾತಿ ಎಂದು ಗುರುತಿಸುವುದು ಸಸ್ಯಶಾಸ್ತ್ರ ಓದಿದವರಿಗೂ ಸುಲಭವಲ್ಲ.

ಕುರಿಂಜಿಗೆ ಯಾಕೆ ಇಷ್ಟು ಕಾವಲು? ಅದು ಹನ್ನೆರಡು ವರ್ಷಕ್ಕೊಮ್ಮೆ ಒಟ್ಟಿಗೆ ಅರಳಿ, ಬೀಜ ಉದುರಿಸಿ, ಸತ್ತುಹೋಗುವ ಗಿಡ. ಅದರ ಬಾಳಿನಲ್ಲಿ ಹೂವು ಬಿಡುವ ಅವಕಾಶ ಒಂದೇ ಸಲ. ಆ ಹೂವು ಕಿತ್ತರೆ ಮುಂದಿನ ತಲೆಮಾರಿನ ಬೀಜವೇ ಹೋಯಿತು. ತಂಗಡಿಯ ಬದುಕು ಹಾಗಲ್ಲ. ವರ್ಷ ವರ್ಷವೂ ತಿಂಗಳುಗಟ್ಟಲೆ ಹೂವು ಬಿಡುತ್ತದೆ, ಹತ್ತು ಹೂವು ಹೋದರೆ ಹನ್ನೊಂದನೆಯದು ಕಾಯಿ ಕಟ್ಟುತ್ತದೆ. ಎಕ್ಕವೂ ಹಾಗೆ, ತುಂಬೆಯೂ ಮಳೆ ಬಿದ್ದಲ್ಲೆಲ್ಲ ಮತ್ತೆ ಏಳುತ್ತದೆ. ತಂಗಡಿ, ಎಕ್ಕ, ತುಂಬೆ, ಮುತ್ತುಗ, ಕಕ್ಕೆ ಯಾವುದೂ ಕಾಯ್ದೆಯ ಪಟ್ಟಿಯಲ್ಲಿಲ್ಲ.

ತಾವರೆ ರಾಷ್ಟ್ರಪುಷ್ಪ, ಕೆರೆಯಿಂದ ಕಿತ್ತರೆ ದೇಶದ್ರೋಹ ಎಂಬರ್ಥದ ಮಾತನ್ನೂ ಕೆಲವರು ಹರಿಬಿಡುತ್ತಾರೆ. ಅದು ಸುಳ್ಳು. ನವಿಲಿಗೆ ರಕ್ಷಣೆ ಇರುವುದು ರಾಷ್ಟ್ರಪಕ್ಷಿ ಎಂಬ ಬಿರುದಿನಿಂದಲ್ಲ, ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹೆಸರಿರುವುದರಿಂದ. ತಾವರೆಯ ಹೆಸರು ಆ ಕಾಯ್ದೆಯ ಗಿಡಗಳ ಪಟ್ಟಿಯಲ್ಲಿಲ್ಲ.

ಪಕ್ಕದವರ ಹೊಲ, ಗೋಮಾಳ, ರಸ್ತೆ ಬದಿ

ಸ್ವಂತ ಜಮೀನಿನ ಹೂವು ಸ್ವಂತದ್ದು. ಪಕ್ಕದವರ ಜಮೀನಿನದು ಅವರದು, ಅದು ಅವರು ನೆಟ್ಟ ಸೇವಂತಿಗೆಯಾದರೂ ಸರಿ, ತಾನಾಗಿ ಬೆಳೆದ ತುಂಬೆಯಾದರೂ ಸರಿ. ಗಿಡದಲ್ಲಿರುವಾಗ ಹೂವು ನೆಲಕ್ಕೆ ಅಂಟಿದ ಆಸ್ತಿ, ಅದನ್ನು ಕದಿಯಲು ಬರುವುದಿಲ್ಲ. ಕಿತ್ತ ಕ್ಷಣದಲ್ಲಿ ಅದು ಚರ ಆಸ್ತಿಯಾಗುತ್ತದೆ, ಆಗ ಕಳವು ಸಾಧ್ಯ. ನಗು ಬರಬಹುದು, ಆದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303ರ ವಿವರಣೆ ಇರುವುದೇ ಹೀಗೆ. ಹಳೆಯ ದಂಡ ಸಂಹಿತೆಯಲ್ಲೂ ಹೀಗೇ ಇತ್ತು. ಅಪ್ರಾಮಾಣಿಕ ಉದ್ದೇಶ ಇರಬೇಕು ಎಂಬುದು ಇಲ್ಲಿ ಮುಖ್ಯ. ‘ಅಕ್ಕಾ, ಪೂಜೆಗೆ ನಾಲ್ಕು ಹೂವು ತಗೊಳ್ತೀನಿ’ ಎಂದು ಕೇಳಿ ಕಿತ್ತರೆ ಕಳವಿನ ಮಾತೇ ಏಳುವುದಿಲ್ಲ.

ಅದೇ ಸಂಹಿತೆಯ ಸೆಕ್ಷನ್ 33ರಲ್ಲಿ ಒಂದು ವಿವೇಕದ ಮಾತಿದೆ. ಸಾಮಾನ್ಯ ತಿಳಿವಳಿಕೆಯ ಮನುಷ್ಯ ದೂರು ಕೊಡದಷ್ಟು ಚಿಕ್ಕ ಹಾನಿ ಅಪರಾಧವಲ್ಲ ಎನ್ನುತ್ತದೆ ಅದು. ಬೇಲಿಯ ಮೇಲೆ ಬಾಗಿದ ಒಂದು ಕಣಗಿಲೆ ಹೂವಿಗಾಗಿ ಯಾರೂ ಜೈಲಿಗೆ ಹೋಗದಿರಲು ಇದೂ ಒಂದು ಕಾರಣ. ಹಿರಿಯೂರು ಕಡೆ ಸಾಲ ಮಾಡಿ ಹೂವು ಬೆಳೆಯುವ ರೈತರ ತೋಟಕ್ಕೆ ರಾತ್ರಿ ನುಗ್ಗಿ ಚೀಲ ತುಂಬಿಕೊಂಡು ಬರುವವರಿಗೆ ಈ ಸೆಕ್ಷನ್ ನೆರಳು ಕೊಡುವುದಿಲ್ಲ.

ಗೋಮಾಳ ಕಂದಾಯ ಇಲಾಖೆಗೆ ಸೇರಿದ್ದು, ಊರಿನ ದನ ಮೇಯಲು ಬಿಟ್ಟ ಜಾಗ. ರಸ್ತೆ ಬದಿ ಸರ್ಕಾರದ್ದು. ಎರಡೂ ಕಡೆ ತಾನಾಗಿ ಬೆಳೆದ ಹೂವನ್ನು ಮನೆ ಬಳಕೆಗೆ ಕೀಳಬೇಡಿ ಎನ್ನುವ ಪ್ರತ್ಯೇಕ ನಿಷೇಧ ಕಾಣುವುದಿಲ್ಲ. ಆದರೆ ಹೂವಿಗಾಗಿ ಕಕ್ಕೆ ಮರದ ಕೊಂಬೆಯನ್ನೇ ಕಡಿದರೆ ಮಾತು ಬದಲಾಗುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದು ಎಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ, ಕೊಂಬೆ ಸವರುವುದೂ ಆ ಅರ್ಥದಲ್ಲಿ ಸೇರಿದೆ.

ಮಾರಲು ಕಿತ್ತರೆ?

ಬಸ್‌ಸ್ಟ್ಯಾಂಡಿನ ಹೂವಿನ ಹೆಂಗಸರ ಪ್ರಶ್ನೆಗೆ ಬರೋಣ. ಅವರು ಹೊಲದ ಬದು, ಹಳ್ಳದ ದಂಡೆ, ಗೋಮಾಳದಿಂದ ಆರಿಸಿ ತಂದಿದ್ದರೆ ಹೆದರಬೇಕಾದ್ದಿಲ್ಲ. ಅರಣ್ಯದಿಂದ ತಂದದ್ದಾದರೆ ಅದು ಅರಣ್ಯ ಉತ್ಪನ್ನ, ಮಾರಾಟಕ್ಕೆ ಸಾಗಿಸಲು ಇಲಾಖೆಯ ಅನುಮತಿಯ ಪ್ರಶ್ನೆ ಬರುತ್ತದೆ.

ಇಲ್ಲಿ ಹೇಳಲೇಬೇಕಾದ ಇನ್ನೊಂದು ಕಾನೂನಿದೆ, ಫಾರ್ವರ್ಡ್‌ಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಸಾಂಪ್ರದಾಯಿಕವಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುತ್ತ ಬಂದವರಿಗೆ ಅದನ್ನು ಸಂಗ್ರಹಿಸುವ, ಬಳಸುವ, ಮಾರುವ ಹಕ್ಕನ್ನೇ ಕೊಡುತ್ತದೆ. ಜೇನು, ಅರಗು, ಗೆಡ್ಡೆ, ಔಷಧಿ ಗಿಡ ಸೇರಿದಂತೆ ಮರದ ದಿಮ್ಮಿ ಬಿಟ್ಟು ಸಸ್ಯಮೂಲದ್ದೆಲ್ಲ ಕಿರು ಉತ್ಪನ್ನ. ಅರಣ್ಯದಲ್ಲಿ ನೆಲೆಸಿ ಬದುಕಿಗೆ ಅದನ್ನೇ ನೆಚ್ಚಿಕೊಂಡ ಪರಿಶಿಷ್ಟ ಪಂಗಡದವರಿಗೆ, ಮತ್ತು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಹಾಗೆ ಬದುಕಿದ ಇತರರಿಗೆ ಈ ಹಕ್ಕು ಇದೆ. ವನ್ಯಜೀವಿಧಾಮದ ಭೂಮಿಯೂ ಈ ಕಾಯ್ದೆಯ ವ್ಯಾಪ್ತಿಯಲ್ಲೇ ಬರುತ್ತದೆ. ಹಕ್ಕು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಗ್ರಾಮಸಭೆಯಲ್ಲಿ ಅರ್ಜಿ ಹಾಕಬೇಕು, ಅದು ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿ ದಾಟಬೇಕು. ನಾಯಕ ಸಮುದಾಯದವರು ಇಷ್ಟೊಂದು ಇರುವ ಜಿಲ್ಲೆಯಲ್ಲಿ, ಕಾಡಂಚಿನ ಹಟ್ಟಿಗಳಲ್ಲಿ, ಜೈಲಿನ ಸಂದೇಶಕ್ಕಿಂತ ಮೊದಲು ಹಂಚಬೇಕಾದ ಮಾಹಿತಿ ಇದು ಎಂದು ನಮ್ಮ ಅಭಿಪ್ರಾಯ.

ಇತ್ತೀಚೆಗೆ ಚೀಲಗಟ್ಟಲೆ ಕೀಳುವುದಕ್ಕೆ ಪೂಜೆ ಕಾರಣವಲ್ಲ, ಸಕ್ಕರೆ ಕಾಯಿಲೆ. ಆವರಿಕೆ ಹೂವಿನ ಟೀ ಕುಡಿದರೆ ಡಯಾಬಿಟಿಸ್ ಮಾಯ ಎಂಬ ವೀಡಿಯೊಗಳು ಹರಿದಾಡುತ್ತಿವೆ. ಆವರಿಕೆ ಹೂವಿನ ಸಾರ ಇಲಿಗಳಲ್ಲಿ ರಕ್ತದ ಸಕ್ಕರೆ ತಗ್ಗಿಸಿದ ಪ್ರಯೋಗಗಳು ಇವೆ, ನಿಜ. ಇಲಿಗೆ ಅಳೆದು ಕೊಟ್ಟ ಸಾರಕ್ಕೂ ನಾವು ಲೋಟದಲ್ಲಿ ಕುದಿಸಿ ಕುಡಿಯುವುದಕ್ಕೂ ಬಹಳ ಅಂತರ. ಮಾತ್ರೆ ನಿಲ್ಲಿಸಿ ಟೀ ನಂಬಿದರೆ ಕಾಲು, ಕಣ್ಣು, ಕಿಡ್ನಿಗೆ ಅಪಾಯ. ಮಾತ್ರೆಯ ಜೊತೆಗೇ ಕುಡಿಯುವವರು ಡಾಕ್ಟರಿಗೆ ಹೇಳಿ ಕುಡಿಯಿರಿ, ಸಕ್ಕರೆ ಬೇಕಾದ್ದಕ್ಕಿಂತ ಇಳಿಯಲೂಬಹುದು. ಇನ್ನು ಕಂಪನಿಯಾಗಿ ಇಂಥ ಹೂವು ಕೊಂಡು ಪುಡಿ ಮಾಡಿ ಮಾರುವವರಿಗೆ 2002ರ ಜೀವವೈವಿಧ್ಯ ಕಾಯ್ದೆ ಇದೆ. ವಾಣಿಜ್ಯ ಬಳಕೆಗೆ ಮುಂಚೆ ರಾಜ್ಯ ಜೀವವೈವಿಧ್ಯ ಮಂಡಳಿಗೆ ತಿಳಿಸಬೇಕು. ಊರಿನ ಜನ, ಬೆಳೆಗಾರರು, ನಾಟಿ ವೈದ್ಯರಿಗೆ ಆ ನಿಯಮದಿಂದ ವಿನಾಯಿತಿ ಇದೆ.

ಕಾನೂನು ತಡೆಯದಿದ್ದರೂ ಕೈ ತಡೆಯಬೇಕಾದ ಹೂವುಗಳೂ ಇವೆ. ಬೇಲಿಯಲ್ಲಿ ಬೆಂಕಿಯ ನಾಲಗೆಯ ಹಾಗೆ ಅರಳುವ ಗೌರಿ ಹೂವು, ಅಂದರೆ ಅಗ್ನಿಶಿಖೆ, ಅದರ ಗೆಡ್ಡೆ ಮಾತ್ರವಲ್ಲ, ಇಡೀ ಗಿಡ ವಿಷ. ಕಣಗಿಲೆ, ಉಮ್ಮತ್ತಿಯೂ ಅಷ್ಟೆ. ಮುಡಿಯಲಿ, ಪೂಜೆಗಿಡಲಿ, ಮಕ್ಕಳ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ, ಕೈ ತೊಳೆಸಿ.

ಬೇರೆ ದೇಶದ ಮಾತು ಇಲ್ಲಿಗೆ ಬಂದಾಗ

ಹೂವು ಕಿತ್ತರೆ ಜೈಲು ಎಂಬ ನಂಬಿಕೆ ನಮ್ಮದು ಮಾತ್ರವಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಬ್ಲೂಬಾನೆಟ್ ಎಂಬ ರಾಜ್ಯಪುಷ್ಪ ಕೀಳುವುದು ಕಾನೂನುಬಾಹಿರ ಎಂದು ತಲೆಮಾರುಗಳಿಂದ ಜನ ನಂಬಿದ್ದಾರೆ. ಆ ಹೂವಿಗೆಂದೇ ಅಂಥ ಕಾನೂನಿಲ್ಲ. ಉದ್ಯಾನಗಳಲ್ಲಿ, ಬೇರೆಯವರ ಜಮೀನಿನಲ್ಲಿ ಕೀಳಬಾರದು, ಅಷ್ಟೆ. ಇಂಗ್ಲೆಂಡಿನ ಕಾನೂನು ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿಯ 1968ರ ಕಳವು ಕಾಯ್ದೆಯ ಪ್ರಕಾರ ಬೇರೆಯವರ ನೆಲದಲ್ಲಿ ತಾನಾಗಿ ಬೆಳೆದ ಗಿಡದಿಂದ ಹೂವು, ಹಣ್ಣು, ಎಲೆ ಕಿತ್ತರೆ ಕಳವಲ್ಲ, ಮಾರುವ ಉದ್ದೇಶ ಇದ್ದರೆ ಮಾತ್ರ ಕಳವು. ಆದರೆ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ನೆಲದ ಒಡೆಯರ ಒಪ್ಪಿಗೆ ಇಲ್ಲದೆ ಯಾವ ಕಾಡುಗಿಡವನ್ನೂ ಬುಡ ಸಮೇತ ಕೀಳುವಂತಿಲ್ಲ. ಹೂವು ಬೇರೆ, ಬೇರು ಬೇರೆ ಎಂಬ ಈ ಗೆರೆ ನಮ್ಮ ಅರಣ್ಯ ಕಾಯ್ದೆಯಲ್ಲಿ ಇಲ್ಲ. ಅಲ್ಲಿಯ ಲೇಖನವನ್ನು ಅನುವಾದಿಸಿ ‘ಮನೆಗೆ ಒಂದಿಷ್ಟು ಹೂವು ತಂದರೆ ತಪ್ಪಿಲ್ಲ’ ಎಂದು ಕನ್ನಡದಲ್ಲಿ ಹಂಚಿದರೆ ಜೋಗಿಮಟ್ಟಿಯ ಚೆಕ್‌ಪೋಸ್ಟ್‌ನಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ.

ಯಾರಾದರೂ ತಡೆದರೆ

ಅರಣ್ಯ ಸಿಬ್ಬಂದಿ ತಡೆದು ಕೇಳಿದರೆ ಎಲ್ಲಿ ಕಿತ್ತಿರಿ ಎಂಬುದನ್ನು ನೇರವಾಗಿ ಹೇಳಿ. ಗೊತ್ತಿಲ್ಲದೆ ಧಾಮದೊಳಗೆ ಕಿತ್ತಿದ್ದರೆ ಹೂವನ್ನು ಅಲ್ಲೇ ಒಪ್ಪಿಸಿ. ಹೊಲದ್ದು ಎಂದಾದರೆ ಯಾರ ಹೊಲ ಎಂದು ಹೇಳಿ, ಸಾಧ್ಯವಿದ್ದರೆ ಅವರಿಗೇ ಫೋನ್ ಹಚ್ಚಿ ಕೊಡಿ. ದಂಡ ಕಟ್ಟಬೇಕು ಎಂದರೆ ಯಾವ ಕಾಯ್ದೆ, ಯಾವ ಸೆಕ್ಷನ್ ಎಂದು ಸಮಾಧಾನದಿಂದ ಕೇಳಿ, ಇಲಾಖೆಯ ರಸೀದಿ ಪಡೆಯದೆ ಹಣ ಕೊಡಬೇಡಿ. ಪ್ರಕರಣವನ್ನು ದಂಡ ಕಟ್ಟಿಸಿಕೊಂಡು ಮುಗಿಸುವ ಅಧಿಕಾರ ಎಲ್ಲ ಸಿಬ್ಬಂದಿಗೂ ಇರುವುದಿಲ್ಲ, ಅದಕ್ಕೆಂದು ಅಧಿಕಾರ ಪಡೆದ ಅಧಿಕಾರಿಗಳಿರುತ್ತಾರೆ. ರಸೀದಿ ಇಲ್ಲದೆ ಹಣ ಕೇಳಿದರೆ ಚಿತ್ರದುರ್ಗದಲ್ಲಿರುವ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಬರೆದು ಕೊಡಬಹುದು, ಲೋಕಾಯುಕ್ತಕ್ಕೂ ದೂರು ಕೊಡಬಹುದು. ದೂರಿನಲ್ಲಿ ದಿನಾಂಕ, ಹೊತ್ತು, ಜಾಗದ ಸರ್ವೆ ನಂಬರ್ ಇರಲಿ.